ನೆಲಮಾಳಿಗೆಯೆಂಬ ದೂರದೇಶ

ಆಡಳಿತ ಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿದ ಠರಾವಿನ ಪ್ರಕಾರ, ಆರಾಧನಾಲಯದ ನೆಲಮಾಳಿಗೆಯು ಸೋಮವಾರ ಬೆಳಗಿನಿಂದ ಜಾರಿಗೆ ಬರುವಂತೆ ವಿದೇಶವಾಯಿತು. ಅಲ್ಲಿದ್ದ ಮುರುಕು ಬೆಂಚುಗಳನ್ನೂ ಗಾಯಕವೃಂದದ ಹಳೆಯ ನಿಲುವಂಗಿಗಳನ್ನೂ ಬಾಯ್ಲರಿನ ಹಿಂದಿನ ಉಗ್ರಾಣಕ್ಕೆ ಸಾಗಿಸಲಾಯಿತು. ಫ್ಯಾನು ಬಿಚ್ಚಲಾಯಿತು. ಹೊರದೇಶವೆಂದ ಮೇಲೆ ಸೆಕೆ ಇರಲೇಬೇಕೆಂಬುದು ಸಮಿತಿಯ ಅಭಿಪ್ರಾಯವಾಗಿತ್ತು.

ಇದಕ್ಕೆಲ್ಲ ಕಾರಣ ನರ್ಸಮ್ಮ. ಅವಳು ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ಆಗಷ್ಟೇ ನಿವೃತ್ತಳಾಗಿದ್ದಳು. ಎಲ್ಲೋ ಸಮುದ್ರದಾಚೆಯ ದ್ವೀಪವೊಂದರ ಚಿಕಿತ್ಸಾಲಯದವರು, ತಮ್ಮಲ್ಲಿದ್ದ ಸೂಲಗಿತ್ತಿ ತೀರಿಕೊಂಡಿದ್ದಾಳೆ, ನೋವು ಶುರುವಾದ ಹೆಂಗಸರನ್ನು ದೋಣಿಯಲ್ಲಿ ಆಚೆ ದಡಕ್ಕೆ ಒಯ್ಯುತ್ತಿದ್ದೇವೆ, ಎಲ್ಲರೂ ದಡ ಮುಟ್ಟುತ್ತಿಲ್ಲ, ಯಾರನ್ನಾದರೂ ಕಳಿಸಿಕೊಡಿ ಎಂದು ಕ್ರೈಸ್ತ ಸಭೆಗಳನ್ನೆಲ್ಲ ಬೇಡಿಕೊಂಡಿದ್ದರು. ಭಾನುವಾರದ ಆರಾಧನೆಯಲ್ಲಿ ಇದನ್ನು ಕೇಳಿದಾಗ ಎಲ್ಲರೂ ಕಣ್ಣೊರೆಸಿಕೊಂಡರು. ನರ್ಸಮ್ಮ ಕಣ್ಣೊರೆಸಿಕೊಂಡು, ಸುಮ್ಮನಿರಲಾರದೆ, ಮರುದಿನ ಮಹಡಿಯ ಮೇಲಿನ ಕಚೇರಿಗೂ ಹೋದಳು.

ಸಭೆಗಳು ಜಾಗತಿಕ ಸುವಾರ್ತಾಸೇವೆಯನ್ನು ಅನ್ವೇಷಿಸಲು ಮತ್ತು ಅದರಲ್ಲಿ ತೊಡಗಲು ನೆರವಾಗುವುದೇ ಆ ಕಚೇರಿಯ ಕೆಲಸ. ಅನ್ವೇಷಣೆ ಚೆನ್ನಾಗಿಯೇ ನಡೆದಿತ್ತು. ನಿರ್ದೇಶಕರು ಅನೇಕ ದೇಶಗಳನ್ನು, ಅವುಗಳ ಒಳ್ಳೊಳ್ಳೆಯ ಹೋಟೆಲುಗಳವರೆಗೆ, ಖುದ್ದಾಗಿ ಅನ್ವೇಷಿಸಿ ಬಂದಿದ್ದರು. ತೊಡಗುವ ವಿಭಾಗದಲ್ಲಿ ಮಾತ್ರ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ತೆಗೆದಿರಲಿಲ್ಲ.

"ನಾನು ಹೋಗ್ತೀನಿ ಸಾರ್," ಅಂದಳು ನರ್ಸಮ್ಮ.

"ಎಲ್ಲಿಗೆ?"

"ಆ ದ್ವೀಪಕ್ಕೆ."

ನಿರ್ದೇಶಕರು ಕನ್ನಡಕ ತೆಗೆದರು. "ಹೋಗೋದಾ? ಹಾಗೇ ಸುಮ್ನೆ? ಎದ್ದು?"

"ಅವರು ಕರೀತಿದ್ದಾರಲ್ಲ ಸಾರ್."

"ಕರೀತಾರಮ್ಮ. ಯಾರ್ಯಾರೋ ಕರೀತಾರೆ. ಹಾಗಂತ ಎಲ್ಲರೂ ಹೋಗ್ತಾ ಕೂತರೆ ಈ ಕಚೇರಿ ಇರೋದು ಯಾಕೆ?"

ಇಂಥ ಅವಸರದವರಿಗೆ ತರಬೇತಿ ಬೇಕೆಂದು ಅಂದೇ ತೀರ್ಮಾನವಾಯಿತು. ಮುಂದಿನ ಸೋಮವಾರ ನೆಲಮಾಳಿಗೆಯಲ್ಲಿ ಅಭ್ಯಾಸದೇಶ ಹುಟ್ಟಿದ್ದು ಹೀಗೆ. ಅದರ ಬಾಗಿಲಿಗೆ ಪ್ರಕಟಣೆಯನ್ನೂ ಅಂಟಿಸಲಾಯಿತು.

"ಅಭ್ಯಾಸದೇಶದ ಪ್ರಜೆಗಳು ಮೇಲಿನಿಂದ ಬಂದವರ ಗುರುತು ಹಿಡಿಯತಕ್ಕದ್ದಲ್ಲ. ಬಂಧುತ್ವವಿದ್ದಲ್ಲಿ ಇನ್ನೂ ಹಿಡಿಯತಕ್ಕದ್ದಲ್ಲ. ಪ್ರಜೆಗಳು ಮೊದಲ ವಾರ ನಗತಕ್ಕದ್ದಲ್ಲ. ಊರ ಹಿರಿಯರು ಒಪ್ಪಿ ಮುದ್ರೆ ಒತ್ತುವ ತನಕ ಅಭ್ಯರ್ಥಿಗಳು ನಿಜವಾದ ಯಾವ ದೇಶಕ್ಕೂ ಕಾಲಿಡತಕ್ಕದ್ದಲ್ಲ."

ಗಾಯಕವೃಂದದಿಂದ ನಿವೃತ್ತರಾದ ಅಜ್ಜಿಯರು ಪ್ರಜೆಗಳಾದರು. ಮನೆಯಲ್ಲಿ ಮಾತಾಡಿಸುವವರಿಲ್ಲದ ಆ ಹೆಂಗಸರಿಗೆ ನೆಲಮಾಳಿಗೆ ಹಿಡಿಸಿಬಿಟ್ಟಿತು. ಊರ ಹಿರಿಯನ ಹುದ್ದೆ ನರ್ಸಮ್ಮನ ಗಂಡನ ಪಾಲಿಗೆ ಬಂತು. ಅವನು ಜೀವಮಾನವೆಲ್ಲ ಬಸ್ ಕಂಡಕ್ಟರಾಗಿದ್ದವನು. ಮನುಷ್ಯರನ್ನು ಅನುಮಾನದಿಂದ ನೋಡುವುದನ್ನು ಅವನಿಗೆ ಹೊಸದಾಗಿ ಕಲಿಸಬೇಕಾಗಿಲ್ಲವೆಂದು ನಿರ್ದೇಶಕರು ಷರಾ ಬರೆದರು.

ಮೊದಲ ದಿನ ನರ್ಸಮ್ಮ ಮೆಟ್ಟಿಲಿಳಿದು ಹೋದಾಗ ಗಂಡ ಮೇಜಿನ ಹಿಂದೆ ಮುದ್ರೆ ಹಿಡಿದು ಕೂತಿದ್ದ.

"ಯಾರಮ್ಮ ನೀವು?"

"ರೀ, ಬುತ್ತಿ ಡಬ್ಬಿ ಮನೇಲೇ ಬಿಟ್ಟು ಬಂದಿದ್ದೀರಿ. ತಗೊಳ್ಳಿ."

"ಗುರುತು ಪರಿಚಯ ಇಲ್ದೋರ ಹತ್ರ ನಾವು ತಿನ್ನೋಕೆ ಇಸ್ಕೊಳ್ಳಲ್ಲ."

"ಅಯ್ಯೋ, ನಿಮ್ಮ ಹೆಂಡ್ತಿ ಕಣ್ರೀ ನಾನು!"

"ನಂಗೆ ಮೇಲ್ಗಡೆ ಯಾರೂ ಇಲ್ಲ," ಎಂದ ಊರ ಹಿರಿಯ. ಆಮೇಲೆ ಒಂದು ಕ್ಷಣ ಡಬ್ಬಿಯನ್ನೇ ನೋಡಿ, ತಪಾಸಣೆಗೆಂದು ಅದನ್ನು ವಶಪಡಿಸಿಕೊಂಡ. ತಪಾಸಣೆ ಮಧ್ಯಾಹ್ನದ ಹೊತ್ತಿಗೆ ಮುಗಿದು ಖಾಲಿ ಡಬ್ಬಿ ವಾಪಸಾಯಿತು.

ನರ್ಸಮ್ಮ ದಿನಾ ಹೋದಳು. ಅಜ್ಜಿಯರ ಕಾಲು ನೀವಿದಳು, ರಕ್ತದೊತ್ತಡ ನೋಡಿದಳು, ಮಾತ್ರೆ ನುಂಗಿಸಿದಳು. ಅಜ್ಜಿಯರು ಅವಳನ್ನು ಬಿಟ್ಟಿರಲಾರದಂತಾದರು. ಆದರೂ ತಿಂಗಳ ಕೊನೆಗೆ ಊರ ಹಿರಿಯ "ಅಭ್ಯರ್ಥಿಯು ಸ್ಥಳೀಯರೊಂದಿಗೆ ಬೆರೆತಿಲ್ಲ" ಎಂದು ಅವಳನ್ನು ಫೇಲು ಮಾಡಿದ. ಮುಂದಿನ ತಿಂಗಳು ಸ್ಥಳೀಯರೊಂದಿಗೆ ಅತಿಯಾಗಿ ಬೆರೆತಿದ್ದಾಳೆಂದು ಫೇಲು ಮಾಡಿದ.

ಈ ನಡುವೆ ಅಭ್ಯಾಸದೇಶದ ಹೆಸರು ಎಲ್ಲೆಡೆ ಹಬ್ಬಿತು. ಬೇರೆ ಬೇರೆ ಸಭೆಗಳಿಂದ ಯುವಕರ ತಂಡಗಳು ಶುಲ್ಕ ಕಟ್ಟಿ ಬಂದವು. ಬಂದವರೆಲ್ಲ ಅಜ್ಜಿಯರನ್ನು ಅಪ್ಪಿಕೊಂಡು ಫೋಟೋ ತೆಗೆಸಿಕೊಂಡು, ಸೇವೆಯ ಗುರುತಿಗೆ ಗೋಡೆಗೆ ಬಣ್ಣ ಬಳಿದು ಹೋಗುತ್ತಿದ್ದರು. ಗೋಡೆ ಇದ್ದದ್ದು ನಾಲ್ಕೇ. ಬಣ್ಣದ ಮೇಲೆ ಬಣ್ಣ ಬಿದ್ದು ಕಿಟಕಿಗಳು ತೆರೆಯುವುದನ್ನೇ ನಿಲ್ಲಿಸಿದವು. ಇದರಿಂದ ಸೆಕೆ ಇನ್ನಷ್ಟು ಸಹಜವಾಯಿತೆಂದು ನಿರ್ದೇಶಕರು ಸಂತೋಷಪಟ್ಟರು.

ದ್ವೀಪದಿಂದ ಮತ್ತೆ ಸುದ್ದಿ ಬಂತು. ಒಂದೇ ದೋಣಿಯಲ್ಲಿ ತಾಯಿಯೂ ಮಗುವೂ ತೀರಿಹೋಗಿದ್ದರು. ಅಂದು ಮನೆಯಲ್ಲಿ ನರ್ಸಮ್ಮ ಊಟಕ್ಕೆ ಬಡಿಸಿ, ಗಂಡನ ಎದುರಿಗೇ ಕೂತಳು.

"ನಿಜ ಹೇಳಿ. ನನ್ನನ್ನ ಯಾಕೆ ಫೇಲು ಮಾಡ್ತಿದ್ದೀರಿ?"

"ಅದು ಕೆಳಗಿನ ವಿಷಯ. ಇಲ್ಲಿ ಮಾತಾಡೋ ಹಾಗಿಲ್ಲ."

"ರೀ."

ಅವನ ಕೈ ತಟ್ಟೆಯಲ್ಲೇ ನಿಂತಿತು. "ನೀನು ಹೋದ್ರೆ ನಾನೇನು ಮಾಡ್ಲಿ ಹೇಳು? ಒಂದು ದಿನವೂ ನಿನ್ನ ಬಿಟ್ಟಿದ್ದೋನಲ್ಲ. ಕೊನೇ ಟ್ರಿಪ್ ಮುಗಿಸಿ ಎಷ್ಟೊತ್ತಿಗೆ ಬಂದ್ರೂ ನೀನು ಎದ್ದಿರ್ತಿದ್ದೆ. ಭಯ ಕಣೇ ನಂಗೆ. ಬರೀ ಭಯ."

ನರ್ಸಮ್ಮ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. "ನಂಗೂ ಭಯಾನೇ," ಅಂದಳು. "ಆದ್ರೆ ಆ ದೋಣೀಲಿ ಮಲಗಿರೋಳಿಗೆ ನಮ್ಮಿಬ್ಬರಿಗಿಂತ ಜಾಸ್ತಿ ಭಯ."

ಅವನು ಎದ್ದು ಕೈ ತೊಳೆದುಕೊಂಡ. ಮರುದಿನ ಅವಳಿಗೆ ಮುದ್ರೆ ಬಿತ್ತು.

ಮುದ್ರೆ ಕಂಡು ನಿರ್ದೇಶಕರಿಗೆ ಆನಂದವೋ ಆನಂದ. ಆ ಭಾನುವಾರ ವೇದಿಕೆಯಿಂದ ಪ್ರಕಟಣೆ ಹೊರಟಿತು. "ನಮ್ಮ ಸಹೋದರಿ ಎಲ್ಲ ಹಂತಗಳಲ್ಲಿ ತೇರ್ಗಡೆಯಾಗಿದ್ದಾರೆ. ಇಷ್ಟು ನುರಿತವರನ್ನು ಗೊತ್ತಿಲ್ಲದ ಯಾವುದೋ ದ್ವೀಪಕ್ಕೆ ಕಳಿಸಿ ವ್ಯರ್ಥ ಮಾಡುವುದು ಸರಿಯಲ್ಲವೆಂದು ಸಮಿತಿಯು ಭಾವಿಸಿ, ಅವರನ್ನು ಅಭ್ಯಾಸದೇಶದ ಕಾಯಂ ಮಿಷನರಿಯಾಗಿ ನೇಮಿಸಿದೆ. ಸ್ತೋತ್ರ!"

"ಸ್ತೋತ್ರ!" ಎಂದಿತು ಸಭೆ.

"ದ್ವೀಪದೋರಿಗೆ ಏನು ಹೇಳೋದು ಸಾರ್?" ಎಂದು ನರ್ಸಮ್ಮ ಎದ್ದು ನಿಂತು ಕೇಳಿದಳು.

"ಅವರಿಗೆ ನಮ್ಮ ಪ್ರಾರ್ಥನೆ ಇದ್ದೇ ಇದೆಯಲ್ಲಮ್ಮ," ಎಂದರು ನಿರ್ದೇಶಕರು.

ಬೀಳ್ಕೊಡುಗೆ ಭರ್ಜರಿಯಾಗಿ ನಡೆಯಿತು. ಸಭೆಯೆಲ್ಲ ಮೆಟ್ಟಿಲ ಬಾಯಿಯವರೆಗೆ ಹಾಡುತ್ತ ಬಂತು. ನಾದಿನಿ ಅಪ್ಪಿಕೊಂಡು ಗೊಳೋ ಎಂದು ಅತ್ತಳು. "ಅಷ್ಟು ದೂರ ಹೋಗ್ತಿದ್ದೀರಲ್ಲ ಅತ್ತಿಗೆ! ಸಂಜೆ ಬರುವಾಗ ನಮ್ಮನೆ ಕಡೆ ಬಂದು ಹೋಗಿ."

ನರ್ಸಮ್ಮ ಪೆಟ್ಟಿಗೆ ಹಿಡಿದು ಇಳಿದಳು. ಮೇಲೆ ಬಾಗಿಲು ಮುಚ್ಚಿತು. ಗಂಡ ಮೇಜಿನ ಹಿಂದಿನಿಂದ ಎದ್ದು ಬಂದು, ಪೆಟ್ಟಿಗೆ ಇಸಿದುಕೊಂಡು, ಅವಳನ್ನು ಬಾಯ್ಲರ್ ಸುತ್ತಿಸಿ ಉಗ್ರಾಣದೊಳಕ್ಕೆ ಕರೆದೊಯ್ದ. ಅಲ್ಲೊಂದು ಹಿಂಬಾಗಿಲಿತ್ತು. ಅದನ್ನು ಭುಜ ಕೊಟ್ಟು ನೂಕಿದ. ಹೊರಗೆ ಬೀದಿ, ಬಿಸಿಲು, ಬಂದರಿಗೆ ಹೋಗುವ ಬಸ್ಸು.

"ಕಂಡಕ್ಟರಿಗೆ ಹೇಳಿದ್ದೀನಿ, ನಮ್ಮ ಹುಡುಗಾನೇ," ಅಂದ. "ಕಿಟಕಿ ಪಕ್ಕ ಕೂತ್ಕೋ. ನಿಂಗೆ ವಾಂತಿ ಬರತ್ತೆ." ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವಳೂ ಅಳುತ್ತಲೇ ಬಸ್ ಹತ್ತಿದಳು.

ನೆಲಮಾಳಿಗೆಯಲ್ಲಿ ಸೇವೆ ಯಥಾಪ್ರಕಾರ ಮುಂದುವರಿಯಿತು. ಮಿಷನರಿಯನ್ನು ನೋಡಬೇಕೆಂದ ತಂಡಗಳಿಗೆ, ಅವರು ಒಳನಾಡಿಗೆ ಹೋಗಿದ್ದಾರೆಂದು ಊರ ಹಿರಿಯ ಉಗ್ರಾಣದ ಕಡೆ ಕೈ ತೋರಿಸುತ್ತಿದ್ದ. ತಂಡಗಳು ಆ ಬಾಗಿಲಿಗೂ ಬಣ್ಣ ಬಳಿದು ಹೋಗುತ್ತಿದ್ದವು. ಒಳನಾಡಿನ ಕೆಲಸದ ಬಗ್ಗೆ ನಿರ್ದೇಶಕರು ವರದಿ ಒಪ್ಪಿಸಿದರು. ಸಮಿತಿಯವರು ಚಪ್ಪಾಳೆ ತಟ್ಟಿದರು.

ನರ್ಸಮ್ಮ ದ್ವೀಪದಿಂದ ಕಚೇರಿಗೆ ಫೋನ್ ಮಾಡಿದ್ದು ಅದೇ ದಿನ. ಅಂದು ಬೆಳಿಗ್ಗೆ ಅವಳ ಕೈಯಲ್ಲಿ ಅವಳಿ ಮಕ್ಕಳು ಹುಟ್ಟಿದ್ದವು. ಕೈಗವಸು ಮುಗಿಯುತ್ತ ಬಂದಿತ್ತು. ತನ್ನ ಹೆಸರು ಹೇಳಿ, ಒಂದು ಪೆಟ್ಟಿಗೆ ಕಳಿಸಿಕೊಡಿ ಸಾರ್ ಎಂದಳು.

"ತಾಯಿ, ನೀವ್ಯಾರೋ ನಂಗೆ ಗೊತ್ತಿಲ್ಲ," ಎಂದರು ನಿರ್ದೇಶಕರು, ನಯವಾಗಿಯೇ. "ಆ ಹೆಸರಿನೋರು ಇಲ್ಲಿ ಕೆಳಗಡೆ ಸೇವೆಯಲ್ಲಿದ್ದಾರೆ. ಅನುಮಾನ ಇದ್ರೆ ಆ ದೇಶದ ಹಿರಿಯರು ಇಲ್ಲೇ ಇದ್ದಾರೆ, ಕೇಳಿ."

ಫೋನು ಕೈ ಬದಲಾಯಿಸಿದ ಸದ್ದು ಕೇಳಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಅದು ಯಾರ ಗಂಟಲೆಂದು ನರ್ಸಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹೌದಮ್ಮ, ಅವರು ಇಲ್ಲೇ ಇದ್ದಾರೆ," ಎಂದ ಗಂಡ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. "ಚೆನ್ನಾಗಿದ್ದಾರಾ?"

"ಚೆನ್ನಾಗಿದ್ದಾರೆ ಅಂದ್ಕೊಂಡಿದ್ದೀವಿ. ಅಲ್ಲಿಯ ನೀರು ಒಗ್ಗಿದ್ಯೋ ಇಲ್ವೋ ಅಂತ ಅವರ ಮನೆಯೋರಿಗೆ ಚಿಂತೆ."

"ಒಗ್ಗಿದೆ ಅಂತ ಹೇಳಿ. ಅವರ ಯಜಮಾನರು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರಾ?"

"ಮಾಡ್ತಾರೆ. ರುಚಿ ಇಲ್ಲ ಅಷ್ಟೇ."

ಫೋನು ಮತ್ತೆ ನಿರ್ದೇಶಕರ ಕೈಗೆ ಹೋಯಿತು. "ಸಮಾಧಾನ ಆಯ್ತಾ ತಾಯಿ? ನಿಮಗೂ ಸೇವೆಯ ಬಗ್ಗೆ ಆಸಕ್ತಿ ಇರೋ ಹಾಗಿದೆ. ಯಾವಾಗಲಾದ್ರೂ ಬಂದು ಅಭ್ಯಾಸದೇಶ ನೋಡ್ಕೊಂಡು ಹೋಗಿ. ಅಲ್ಲೀತನಕ ನಮ್ಮ ಸಹೋದರಿಗೋಸ್ಕರ ಪ್ರಾರ್ಥನೆ ಮಾಡಿ. ತುಂಬಾ ಕಷ್ಟದ ಕ್ಷೇತ್ರ ಅದು."

"ಆಗ್ಲಿ ಸಾರ್," ಎಂದಳು ನರ್ಸಮ್ಮ.

ಫೋನಿಟ್ಟು, ಕಣ್ಣು ಮುಚ್ಚಿ, ಕೊಟ್ಟ ಮಾತಿನಂತೆ ಆ ಸಹೋದರಿಗಾಗಿ ಪ್ರಾರ್ಥಿಸಿದಳು. ಪಕ್ಕದ ಕೋಣೆಯಿಂದ ಯಾರೋ ನೋವಿನಿಂದ ಕೂಗಿದರು. ಆಮೆನ್ ಎಂದು, ಉಳಿದಿದ್ದ ಕೈಗವಸು ಹಾಕಿಕೊಂಡು ಒಳಗೆ ಹೋದಳು.