ರಸ್ತೆಗೆಸೆದ ಕುರ್ಚಿ ಮತ್ತು ಅಮೆರಿಕದ ಅಧಃಪತನ

ಬೇರೆಯವರ ಮನೆಗೆ ವರ್ಷಕ್ಕೊಮ್ಮೆ ನೆಂಟರು ಬರುವ ಹಾಗೆ ನನ್ನ ಬದುಕಿಗೆ ಇಂಥ ಪ್ರಸಂಗಗಳು ವಾರಕ್ಕೊಮ್ಮೆ ಬಂದು ಕೂರುತ್ತವೆ, ಕಾಫಿ ಕೊಟ್ಟರೂ ಏಳುವುದಿಲ್ಲ. ಕಾರಣ ಇಷ್ಟೇ. ದೇವರು ಎಲ್ಲರಿಗೂ ಎರಡು ಕಣ್ಣು ಕೊಟ್ಟ, ನನಗೆ ಜೊತೆಗೊಂದು ಅನುಮಾನವನ್ನೂ ಕೊಟ್ಟ. ಷಿಕಾಗೋ ಪಕ್ಕದ ನಮ್ಮೂರು ನೇಪರ್‌ವಿಲ್‌ನಲ್ಲಿ ನನ್ನಷ್ಟು ಚೆನ್ನಾಗಿ ಅನುಮಾನಪಡುವವರು ಇನ್ನೊಬ್ಬರಿಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ.

ಲೆಮಾಂಟ್ ದೇವಸ್ಥಾನಕ್ಕೆ ಹೋದಾಗ ನಾನು ಎಡಗಾಲಿನ ಶೂವನ್ನು ಈ ತುದಿಯ ಗೂಡಿನಲ್ಲಿಟ್ಟು ಬಲಗಾಲಿನದ್ದನ್ನು ಆ ತುದಿಯ ಗೂಡಿನಲ್ಲಿಡುತ್ತೇನೆ. ಒಂಟಿ ಶೂ ಕದಿಯುವಷ್ಟು ಗತಿಗೆಟ್ಟ ಕಳ್ಳ ಇನ್ನೂ ಹುಟ್ಟಿಲ್ಲ. ಇಷ್ಟು ವರ್ಷದಲ್ಲಿ ನನ್ನ ಶೂ ಒಮ್ಮೆಯೂ ಕಳುವಾಗಿಲ್ಲ. ಬೇರೆಯವರದ್ದೂ ಆಗಿಲ್ಲ, ಆ ಮಾತು ಬೇರೆ.

೧. ಮೈಕಿನ ಪ್ರಶ್ನೆ

ನಾವು ಕನ್ನಡದವರು ಪ್ರತಿ ಸಂಕ್ರಾಂತಿಗೆ ಅದೇ ದೇವಸ್ಥಾನದ ಹಾಲ್‌ನಲ್ಲಿ ಸೇರುತ್ತೇವೆ. ಎಳ್ಳು ಬೆಲ್ಲ ಹಂಚಿದ ಮೇಲೆ, ಊಟಕ್ಕೆ ಮುಂಚೆ, ಒಂದು ಚರ್ಚಾಸ್ಪರ್ಧೆ. ಷಿಕಾಗೋ ಕಡೆಯಿಂದ ನಾನು, ಡೆಟ್ರಾಯಿಟ್ ಕಡೆಯಿಂದ ನನ್ನ ಹೆಂಡತಿಯ ತಮ್ಮ. ಅವನು ಕ್ಯಾಂಟನ್‌ನಲ್ಲಿರುವ ಕಾರಿನ ಇಂಜಿನಿಯರ್. ನಾನು ಅರ್ಧ ಗಂಟೆ ಮಾತಾಡಿ ಕಟ್ಟಿದ ಕೋಟೆಯನ್ನು ಅವನು ಎರಡು ವಾಕ್ಯದಲ್ಲಿ ಕೆಡವಿ, ಕನ್ನಡಕ ಒರೆಸಿಕೊಂಡು ಕೂತುಬಿಡುತ್ತಾನೆ.

ಹೋದ ವರ್ಷ ಸೋತೆ. ಅದರ ಹಿಂದಿನ ವರ್ಷವೂ ಸೋತೆ. ಈ ಸಲ ಕಮಿಟಿಯವರು ಒಂದು ತೀರ್ಮಾನಕ್ಕೆ ಬಂದರು. ಇಷ್ಟು ದಿನ ಎಲ್ಲ ಹಬ್ಬಕ್ಕೂ ಮೈಕ್ ಹಿಡಿದ ಅಂಕಲ್, ಅಂದರೆ ನಾನು, ಸೋತರೆ ಇನ್ನು ಮುಂದೆ ಮೈಕ್ ಭಾವಮೈದುನನಿಗೆ, ಅಂಕಲ್ ಅಡುಗೆಮನೆಯಲ್ಲಿ ಸಾರು ಬಡಿಸಲಿ. ಯುಗಾದಿ, ರಾಜ್ಯೋತ್ಸವ, ಯಾವುದಕ್ಕೂ ವಿನಾಯಿತಿ ಇಲ್ಲ. ನನ್ನ ಕೈಯಿಂದ ಮೈಕ್ ಕಿತ್ತುಕೊಂಡರೆ ಉಳಿಯುವುದು ಬರೀ ಕೈ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ವಿಷಯ ಬಂತು: ಅಮೆರಿಕದಲ್ಲಿ ನೈತಿಕ ಮೌಲ್ಯಗಳು ಕುಸಿದಿವೆಯೇ? ‘ಕುಸಿದಿವೆ’ ಎಂಬ ಪಕ್ಷವನ್ನು ನನ್ನ ಮುಖ ನೋಡಿಯೇ ನನಗೆ ಕೊಟ್ಟರು. ಭಾವಮೈದುನ ಫೋನಿನಲ್ಲಿ ಒಂದೇ ಷರತ್ತು ಹಾಕಿದ. ಟಿವಿಯಲ್ಲಿ ನೋಡಿದ್ದು, ವಾಟ್ಸಾಪಿನಲ್ಲಿ ಬಂದದ್ದು ನಡೆಯುವುದಿಲ್ಲ. ಕಣ್ಣಾರೆ ಕಂಡದ್ದು ಮಾತ್ರ.

“ಅಷ್ಟೇನಾ?” ಅಂದೆ ನಾನು. “ಒಂದು ಲಾರಿ ತುಂಬಾ ಸಾಕ್ಷಿ ತರ್ತೀನಿ.”

“ಲಾರಿ ಬೇಡ ಭಾವ,” ಅಂದ ಅವನು. “ಒಂದು ತನ್ನಿ.”

೨. ಹಿಮ ಎತ್ತುವವನ ಸಂಚು

ಮೊದಲ ಅನುಮಾನ ಪಕ್ಕದ ಮನೆಯ ಅಮೆರಿಕನ್ ಮುದುಕನ ಮೇಲೆ. ಹಿಮ ಬಿದ್ದ ದಿನ ಬೆಳಕು ಹರಿಯುವ ಮೊದಲೇ ಅವನು ತನ್ನ ಹಿಮ ಎತ್ತುವ ಯಂತ್ರ ತಂದು ನಮ್ಮ ಮನೆ ಮುಂದಿನ ಡ್ರೈವ್‌ವೇಯನ್ನೂ ಕ್ಲೀನ್ ಮಾಡಿ ಹೋಗಿರುತ್ತಾನೆ. ನಾವು ಕೇಳಿಲ್ಲ, ಅವನು ಹೇಳಿಲ್ಲ. ಹೀಗೆ ಸುಮ್ಮಸುಮ್ಮನೆ ಉಪಕಾರ ಮಾಡುವವನು ಒಳಗೊಳಗೇ ಏನೋ ಹೊಂಚುತ್ತಿರಬೇಕು. ಏನು ಹೊಂಚುತ್ತಿದ್ದಾನೆ ಅಂತ ಹೆಂಡತಿ ಕೇಳಿದಳು. ಅದು ಇನ್ನೂ ಗೊತ್ತಾಗಿಲ್ಲ, ಅಷ್ಟು ಆಳವಾದ ಸಂಚು ಅಂದೆ.

ಆವತ್ತಿನಿಂದ ನಾನು ದಿನಾ ನಸುಕಿನಲ್ಲೆದ್ದು ಶಾಲು ಹೊದ್ದು ಪರದೆಯ ಹಿಂದೆ ನಿಂತು ಕಾವಲು ಕಾದೆ. ಹೊರಗೆ ಸೊನ್ನೆ ಫ್ಯಾರನ್‌ಹೀಟ್. ಕಿಟಕಿಯ ಗಾಜಿಗೆ ನನ್ನ ಮೂಗು ಅಂಟಿಕೊಂಡು, ಅದನ್ನು ಬಿಡಿಸಲು ಹೆಂಡತಿ ಬಿಸಿನೀರು ತರಬೇಕಾಯಿತು. ಇದನ್ನು ಅವಳು ಒಪ್ಪುವುದಿಲ್ಲ, ನೀವು ನಂಬಿ.

ವಾರ ಕಳೆಯಿತು. ಒಂದು ದಿನ ಬೆಲ್ ಆಯಿತು. ಮುದುಕ, ಕೈಯಲ್ಲಿ ಬಿಸಿ ಸೂಪಿನ ಪಾತ್ರೆ. ಬಂತು ನೋಡು, ಈಗ ಕೇಳುತ್ತಾನೆ ಅಂತ ನಾನು ಹೆಂಡತಿಗೆ ಕಣ್ಸನ್ನೆ ಮಾಡಿದೆ. ಅವನು ಕೇಳಿಯೇಬಿಟ್ಟ: “ಈಗ ಹೇಗಿದೆ ನಿಮ್ಮ ಆರೋಗ್ಯ?” ದಿನಾ ಬೆಳಿಗ್ಗೆ ನಾನು ಕಿಟಕಿಯಲ್ಲಿ ಶಾಲು ಹೊದ್ದು ಆಸೆಯಿಂದ ಹೊರಗೆ ನೋಡುತ್ತಿರುವುದನ್ನು ಕಂಡು, ಪಾಪ, ಹೊರಗೆ ಬರಲಾರದ ಮನುಷ್ಯ ಅಂತ ಅವನ ಹೆಂಡತಿ ಅತ್ತಳಂತೆ.

ನಾನು ಬಾಯಿ ತೆರೆಯುವ ಮೊದಲೇ ನನ್ನವಳು, ನಿಧಾನವಾಗಿ ಸುಧಾರಿಸ್ತಾ ಇದಾರೆ ಅಂದುಬಿಟ್ಟಳು. ಬಾಗಿಲು ಹಾಕಿ ನನಗೊಂದು ಆಜ್ಞೆಯೂ ಆಯಿತು: ಹಿಮ ಕರಗೋವರೆಗೂ ಸುಧಾರಿಸಬೇಡಿ.

೩. ನೀವು ಮೊದಲು

ಹೊಸ ವರ್ಷಕ್ಕೆ ಕ್ಯಾಂಟನ್‌ಗೆ ಹೋದೆವು. ಶತ್ರುವಿನ ಊರಿನಲ್ಲೇ ಸಾಕ್ಷಿ ಹುಡುಕುವುದು ನನ್ನ ಯುದ್ಧನೀತಿ. ಭಾವಮೈದುನನ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಬಾಯಲ್ಲಿ ನಾಲ್ಕು ದಾರಿ ಕೂಡುತ್ತವೆ. ಸಿಗ್ನಲ್ ಇಲ್ಲ, ನಾಲ್ಕೂ ಕಡೆ ಸ್ಟಾಪ್ ಬೋರ್ಡು, ಎಲ್ಲರೂ ನಿಂತು ಒಬ್ಬೊಬ್ಬರಾಗಿ ದಾಟಬೇಕು. ನಾನು ನಿಂತೆ. ಎದುರಿಗೆ ಒಬ್ಬ ಅಮೆರಿಕನ್ ಅಜ್ಜಿ ಕಾರು ನಿಲ್ಲಿಸಿ, ನೀವು ಮೊದಲು ಹೋಗಿ ಅಂತ ನಗುತ್ತಾ ಕೈ ಬೀಸಿದಳು.

ನನಗೆ ಗೊತ್ತಿಲ್ಲದ ಆಟವೇ? ನಾನು ಹೊರಟ ಕೂಡಲೇ ಬಂದು ಗುದ್ದಿ, ಇನ್ಶೂರೆನ್ಸಿನವರ ಮುಂದೆ ಕಣ್ಣೀರು ಹಾಕುವ ಪೈಕಿ ಇವಳು. ನಾನೂ ನಗುತ್ತಾ, ನೀವೇ ಹೋಗಿ ಅಂತ ಕೈ ಬೀಸಿದೆ. ಅವಳು ಮತ್ತೆ ಬೀಸಿದಳು. ನಾನು ಎರಡೂ ಕೈ ಬೀಸಿದೆ. ಹೋಗ್ರೀ ಅಂದಳು ಹೆಂಡತಿ. ಇದು ಬಲೆ, ನೀನು ಸುಮ್ಮನಿರು ಅಂದೆ.

ನನ್ನ ಹಿಂದೆ ಕಾರುಗಳು ಸಾಲುಗಟ್ಟಿದವು, ಸಾಲು ಪಕ್ಕದ ರಾಜ್ಯ ಒಹಾಯೋದ ಗಡಿ ಮುಟ್ಟಿತು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಅದೇ ನನಗೆ ಇನ್ನಷ್ಟು ಅನುಮಾನ. ಇಷ್ಟು ಜನ ಒಟ್ಟಿಗೆ ತಾಳ್ಮೆಯಿಂದಿದ್ದಾರೆ ಅಂದರೆ ಎಲ್ಲರೂ ಮಾತಾಡಿಕೊಂಡೇ ಬಂದಿದ್ದಾರೆ.

ಕೊನೆಗೆ ಅಜ್ಜಿ ಕಾರಿನಿಂದ ಇಳಿದು, ಕೋಲೂರಿಕೊಂಡು ನನ್ನ ಕಿಟಕಿಗೆ ಬಂದು ಬ್ರೇಕ್ ಹಿಡಿದುಕೊಂಡಿದೆಯಾ ಮಗು ಅಂತ ಕೇಳಿದಳು. ಇಲ್ಲ ಅಂದೆ. ಆಮೇಲೆ ಅವಳು ರಸ್ತೆಯ ನಟ್ಟನಡುವೆ ನಿಂತು, ಮೂರು ಕಡೆಯವರನ್ನೂ ಕೋಲಿನಲ್ಲಿ ತಡೆದು ನನ್ನನ್ನು ದಾಟಿಸಿದಳು.

ಮನೆ ತಲುಪಿದ ಸ್ವಲ್ಪ ಹೊತ್ತಿಗೆ ಭಾವಮೈದುನ ಹಾಲಿನ ಕ್ಯಾನು ಹಿಡಿದು ಒಳಗೆ ಬಂದ. ಆ ಸಾಲಿನಲ್ಲಿ ಅವನೂ ಇದ್ದನಂತೆ.

“ವೀಡಿಯೊ ತೆಗೆದಿದೀನಿ ಭಾವ. ಸಂಕ್ರಾಂತಿಗೆ ಬೇಕಾಗುತ್ತೆ.”

೪. ಸಾಕ್ಷಿ ಸಿಕ್ಕಿತು

ಸಂಕ್ರಾಂತಿಯ ಬೆಳಿಗ್ಗೆಯಾದರೂ ನನ್ನ ಲಾರಿ ಖಾಲಿ. ನನ್ನ ಕೈಗೆ ಸಾರಿನ ಸೌಟು ಬಂದ ಹಾಗೇ ಕಾಣುತ್ತಿತ್ತು. ಕಬ್ಬು ತರುವ ಕೆಲಸ ನನ್ನದು, ಹಾಗಾಗಿ ಹೆಂಡತಿಯನ್ನು ಕೂರಿಸಿಕೊಂಡು ನಮ್ಮ ದೇಶದ ಅಂಗಡಿಗಳಿರುವ ಷಿಕಾಗೋ ಸಿಟಿಯ ಡೆವನ್ ಅವೆನ್ಯೂಗೆ ಡ್ರೈವ್ ಮಾಡಿದೆ. ಹಿಂದಿನ ದಿನ ಮೊಳಕಾಲುದ್ದ ಹಿಮ ಬಿದ್ದಿತ್ತು. ಪಕ್ಕದ ಬೀದಿಗಳಲ್ಲಿ ಕಾರುಗಳೆಲ್ಲ ಹೂತುಹೋಗಿವೆ, ಪಾರ್ಕ್ ಮಾಡಲು ಒಂದಡಿ ಜಾಗವಿಲ್ಲ. ಸುತ್ತಿ ಸುತ್ತಿ ಸಾಕಾಗುವಾಗ ಒಂದು ಕಡೆ ನೋಡುತ್ತೇನೆ, ಕಾರು ನಿಲ್ಲುವಷ್ಟು ಜಾಗ ನೆಲ ಕಾಣುವ ಹಾಗೆ ಚೊಕ್ಕಟವಾಗಿದೆ. ಅದರ ಮಧ್ಯೆ ಒಂದು ಮಡಚುವ ಕುರ್ಚಿ. ಒಂದು ಕಾಲು ಮುರಿದದ್ದಕ್ಕೆ ಯಾರೋ ಗುಲಾಬಿ ಬಣ್ಣದ ಟೇಪು ಸುತ್ತಿ ಸರಿಮಾಡಿದ್ದಾರೆ.

ನನಗೆ ರೋಮಾಂಚನವಾಯಿತು. ಹೆಂಡತಿಗೆ ಹೇಳಿದೆ, ನೋಡು, ಕೂರುವ ತನಕ ಕೂತು, ಕಾಲಿಗೆ ಪಟ್ಟಿ ಕಟ್ಟಿ, ಕೊನೆಗೆ ಹಿಮದಲ್ಲಿ ನಡುಬೀದಿಗೆ ಎಸೆದಿದ್ದಾರೆ. ಇದಕ್ಕಿಂತ ಸಾಕ್ಷಿ ಬೇಕಾ? ಗಟ್ಟಿಯಾಗಿದೆ, ತಗೊಳ್ಳಿ ಅಂದಳು ಅವಳು. ನಾವು ಬಂದ ಹೊಸದರಲ್ಲಿ ನಮ್ಮ ಸೋಫಾ, ಮೇಜು, ಮಂಚ ಎಲ್ಲ ಹೀಗೆ ರಸ್ತೆಬದಿಯಲ್ಲಿ ಸಿಕ್ಕಿದವೇ ಆಗಿದ್ದವು. ಕುರ್ಚಿಯನ್ನು ಮಡಚಿ ಕಾರಿಗೆ ಹಾಕಿ, ಅದು ಇದ್ದ ಜಾಗದಲ್ಲೇ ಕಾರು ನಿಲ್ಲಿಸಿ, ಕಬ್ಬು ಕೊಂಡು, ನೆಮ್ಮದಿಯಾಗಿ ಒಂದೊಂದು ಮಸಾಲೆ ದೋಸೆಯನ್ನೂ ತಿಂದು ಲೆಮಾಂಟ್‌ಗೆ ಹೊರಟೆವು.

೫. ತೀರ್ಪು

ಹಾಲ್ ತುಂಬಿತ್ತು. ತೀರ್ಪುಗಾರ್ತಿ ಮಾತ್ರ ಬಂದಿರಲಿಲ್ಲ. ಬೆಂಗಳೂರಿನಿಂದ ಬಂದು ಷಿಕಾಗೋ ಸಿಟಿಯಲ್ಲಿ ನೆಲೆಸಿದ ಹಲ್ಲಿನ ಡಾಕ್ಟರು ಆಕೆ. ಅವರಿಗಾಗಿ ಕಾದು ಕಾದು ಭಾವಮೈದುನನನ್ನು ಶುರುಮಾಡಲು ಹೇಳಿದರು. ಅವನು ನನ್ನ ನೆರೆಯವನ ಸೂಪಿನ ವಿಷಯ ಹೇಳಿ, ಅಜ್ಜಿಯ ವೀಡಿಯೊ ತೋರಿಸಿ, ಎರಡು ವಾಕ್ಯದಲ್ಲಿ ಮುಗಿಸಿದ. ಜನ ಬಿದ್ದು ಬಿದ್ದು ನಕ್ಕರು. ಸೂಪಿನ ವಿಷಯ ಅವನಿಗೆ ಹೇಳಿದವರು ಯಾರು ಅಂತ ಹೆಂಡತಿಯ ಕಡೆ ನೋಡಿದೆ. ಅವಳು ಎಳ್ಳು ಬೆಲ್ಲದಲ್ಲಿ ಕಲ್ಲು ಹುಡುಕುತ್ತಿದ್ದಳು.

ನಾನು ವೇದಿಕೆ ಹತ್ತಿದೆ. ಅಷ್ಟರಲ್ಲಿ ಡಾಕ್ಟರು ಓಡೋಡಿ ಬಂದು ಮೊದಲ ಸಾಲಿನಲ್ಲಿ ಕೂತರು. ಸೀರೆಯ ಅಂಚೆಲ್ಲ ಹಿಮ. ಸರಿಯಾದ ಮುಹೂರ್ತವೆಂದು ನಾನು ಕುರ್ಚಿಯನ್ನು ತರಿಸಿ ಬಿಡಿಸಿಟ್ಟೆ.

“ಈ ಕಾಲು ನೋಡಿ ಡಾಕ್ಟ್ರೇ,” ಅಂದೆ. “ಇವತ್ತು ಬೆಳಿಗ್ಗೆ ಷಿಕಾಗೋದ ಬೀದಿಯಲ್ಲಿ ಕಂಡೆ. ಮುರಿದಾಗ ಪ್ರೀತಿಯಿಂದ ಪಟ್ಟಿ ಕಟ್ಟಿದವರು ಕೊನೆಗೆ ಹಿಮದಲ್ಲಿ ಬಿಟ್ಟುಹೋದರು. ಇದು ಕುರ್ಚಿಯಲ್ಲ, ಈ ದೇಶದ ಅಂತಃಕರಣ.”

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದ್ದು ಕೇಳಿಸಿತು. ಗೆದ್ದೆ ಅಂದುಕೊಂಡು ಅದೇ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತೆ.

ಡಾಕ್ಟರು ನಿಧಾನವಾಗಿ ಮೇಲೆ ಬಂದು, ಟೇಪನ್ನು ಬೆರಳಿಂದ ಮುಟ್ಟಿ, ನನ್ನ ಕೈಯಿಂದ ಮೈಕ್ ತಗೊಂಡರು.

“ನೇಪರ್‌ವಿಲ್, ಕ್ಯಾಂಟನ್‌ನವರಿಗೆಲ್ಲ ಗರಾಜ್ ಇದೆ, ಗೊತ್ತಿರಲಿಕ್ಕಿಲ್ಲ,” ಅಂದರು. “ಸಿಟೀಲಿ ನಮಗೆ ರಸ್ತೆಯೇ ಗರಾಜ್. ಹಿಮ ಬಿದ್ದಾಗ ಯಾರು ಎತ್ತಿ ಜಾಗ ಮಾಡ್ತಾರೋ, ಜಾಗ ಅವರದ್ದು. ಹೊರಗೆ ಹೋಗೋವಾಗ ಗುರುತಿಗೆ ಒಂದು ಕುರ್ಚಿ ಇಟ್ಟು ಹೋಗ್ತೀವಿ. ಪೊಲೀಸ್ ಇಲ್ಲ, ಬೀಗ ಇಲ್ಲ. ನಾನು ಆ ಬೀದೀಲಿ ಇರೋ ಇಷ್ಟು ವರ್ಷದಲ್ಲಿ ಯಾರೂ ಯಾರ ಕುರ್ಚೀನೂ ಮುಟ್ಟಿರಲಿಲ್ಲ. ನಿನ್ನೆ ಸಂಜೆಯೆಲ್ಲ ಬೆನ್ನು ಮುರಿದುಕೊಂಡು ಹಿಮ ಎತ್ತಿದೆ. ಬೆಳಿಗ್ಗೆ ಪೇಷೆಂಟ್ ನೋಡಿ ಬರೋ ಹೊತ್ತಿಗೆ ಈ ಕುರ್ಚಿ ಮಾಯ, ಜಾಗದಲ್ಲಿ ಇನ್ಯಾರದ್ದೋ ಕಾರು. ಎಲ್ಲೋ ನಿಲ್ಲಿಸಿ, ಹಿಮದಲ್ಲಿ ನಡೆದು, ಸೀರೆ ಉಟ್ಟು ಬಂದೆ.”

ನಾನು ಕಾಲ ಮೇಲಿನ ಕಾಲನ್ನು ಮೆಲ್ಲಗೆ ಇಳಿಸಿದೆ.

“ಮೌಲ್ಯಗಳು ಕುಸಿದಿವೆಯೇ ಅನ್ನೋದು ಪ್ರಶ್ನೆ,” ಅಂದರು ಡಾಕ್ಟರು. “ನಿನ್ನೆಯವರೆಗೆ ಕುಸಿದಿರಲಿಲ್ಲ. ಇವತ್ತು ಕುಸಿದಿವೆ. ಸಾಕ್ಷಿ ಕಣ್ಣಾರೆ ಕಾಣ್ತಾ ಇದೆ. ಅಂಕಲ್ ಗೆದ್ದರು.”

ಮೈಕ್ ನನ್ನ ಕೈಗೆ ವಾಪಸ್ ಬಂತು, ಕುರ್ಚಿ ಅವರ ಕೈಗೆ ಹೋಯಿತು. ಭಾವಮೈದುನ ಬಂದು ಕೈಕುಲುಕಿದ. “ಅಭಿನಂದನೆ ಭಾವ. ಗೆಲ್ಲೋದಕ್ಕೆ ಇಷ್ಟು ಸ್ವಂತ ಪರಿಶ್ರಮ ಹಾಕಿದವರನ್ನ ನಾನು ನೋಡಿಲ್ಲ.” ಅಸೂಯೆ, ಇನ್ನೇನು.

ಊಟ ಮುಗಿಸಿ, ಗೆದ್ದವನ ಗತ್ತಿನಲ್ಲಿ, ಶೂ ಬಿಡುವ ಜಾಗಕ್ಕೆ ಬಂದೆ. ಒಳಗೆ ಇನ್ನೂ ಹಾಲ್ ತುಂಬಾ ಜನ. ಆದರೆ ಗೂಡುಗಳೆಲ್ಲ ಖಾಲಿ. ಈ ತುದಿಯಲ್ಲಿ ನನ್ನ ಎಡಗಾಲಿನ ಶೂ, ಆ ತುದಿಯಲ್ಲಿ ಬಲಗಾಲಿನದ್ದು, ಅಷ್ಟೇ. ತಿರುಗಿ ನೋಡಿದೆ. ಎಲ್ಲರೂ ತಮ್ಮ ತಮ್ಮ ಶೂಗಳನ್ನು ಎದೆಗೆ ಅವಚಿಕೊಂಡು, ನಾನು ಹೊರಡುವುದನ್ನೇ ಕಾಯುತ್ತಾ ನಿಂತಿದ್ದರು.