ಅತ್ತೆಯ ಆಟದಲ್ಲಿ ಮಂಗನಿಗೂ ಜಾಗವಿದೆ

ನಮ್ಮ ಅತ್ತೆಯವರು ನನ್ನ ಗಂಡನನ್ನು ಎರಡು ಸಲ ಸೃಷ್ಟಿಸಿದ್ದಾರೆ. ಒಮ್ಮೆ ಹೆತ್ತು, ಇನ್ನೊಮ್ಮೆ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದು. ಎರಡನೆಯದೇ ಚೆನ್ನಾಗಿ ಬಂದಿದೆ ಎಂಬುದು ಅವರ ಅಭಿಪ್ರಾಯ. ಇರಲಿ, ಅದು ತಾಯಿ ಮಗನ ವಿಷಯ. ಆದರೆ ಅವರು ಪಕ್ಕದ ಮನೆಯ ಅಕ್ಕನನ್ನು ಸೃಷ್ಟಿಸಿದರು, ದಿನಾ ನಮ್ಮ ಓಣಿಯಲ್ಲಿ ಹಾಯುವ ಕುರಿಗಾಹಿಯನ್ನು ಸೃಷ್ಟಿಸಿದರು, ಬಾದಾಮಿಯ ಒಂದು ಮಂಗನನ್ನೂ ಸೃಷ್ಟಿಸಿದರು. ಇಪ್ಪತ್ತೆರಡು ವರ್ಷದಿಂದ ಎರಡು ಹೊತ್ತು ರೊಟ್ಟಿ ಬಡಿದು ಹಾಕುತ್ತಿರುವ ಸೊಸೆಯನ್ನು ಮಾತ್ರ ಸೃಷ್ಟಿಸಲಿಲ್ಲ! ನೀವೇ ಹೇಳಿ, ಸಿಟ್ಟು ಬರಬೇಕೋ ಬೇಡವೋ?

ಇದೆಲ್ಲ ಶುರುವಾದದ್ದು ಧಾರವಾಡದಲ್ಲಿ ಓದುವ ನನ್ನ ಮಗಳಿಂದ. ಹೋದ ದೀಪಾವಳಿಗೆ ಬಂದಾಗ ಅವಳೊಂದು ಆಟದ ಪೆಟ್ಟಿಗೆ ತಂದಿದ್ದಳು. ಮೇಜಿನ ಸುತ್ತ ಕುಳಿತು ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ: ಗವಿ, ರಾಕ್ಷಸ, ನಿಧಿ ಇತ್ಯಾದಿ. ಉಳಿದವರು ಒಂದೊಂದು ಪಾತ್ರವಾಗಿ, ‘ನಾನು ಗೋಡೆ ಹಾರುತ್ತೇನೆ’, ‘ನಾನು ರಾಕ್ಷಸನ ಕಾಲು ಹಿಡಿದೆಳೆಯುತ್ತೇನೆ’ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಫಜೀತಿ. ಪಾತ್ರಗಳಿಗೆ ವರ್ಗಗಳಿವೆ: ಯೋಧ, ಮಾಂತ್ರಿಕ, ಕಳ್ಳ, ವೈದ್ಯ. ಮಗಳು ಪೆಟ್ಟಿಗೆಯನ್ನು ಇಲ್ಲೇ ಮರೆತು ಹೋದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಬೇಸತ್ತು ಕುಳಿತಿದ್ದ ಅತ್ತೆ ಅದನ್ನು ತೆರೆದರು. ಎರಡೇ ದಿನದಲ್ಲಿ ನಿಯಮದ ಪುಸ್ತಕ ಓದಿ ಮುಗಿಸಿ ಪಟ್ಟೆಂದು ಮುಚ್ಚಿದರು.

“ಇದರಾಗ ಚೂಪು ಕಿವಿಯವ್ರು ಅದಾರ, ಮಳ ಉದ್ದದ ಗಡ್ಡದವ್ರು ಅದಾರ. ಬಾಗಲಕೋಟಿ ಮಂದಿ ಒಬ್ರರ ಅದಾರೇನು? ತಗೀ ಅತ್ಲಾಗ, ನಾನ ಬರೀತೇನಿ!”

ಅವರದು ಒಂದೇ ಸೂತ್ರ. ಒಂದು ವರ್ಗ ಮಾಡುವ ಕೆಲಸ ಇನ್ನೊಂದಕ್ಕೆ ಬರಬಾರದು. ಬಂದರೆ ಎರಡರಲ್ಲೊಂದಕ್ಕೆ ಕೆಂಪು ಗೀಟು. ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಊಟದ ಮೇಜಿನ ಮೇಲೆ (ಹೌದು, ನನ್ನದೇ!) ಆಟ. ಆಡುವವರು ನಿವೃತ್ತ ಪೋಸ್ಟ್ ಮಾಸ್ತರರು, ಪಕ್ಕದ ಮನೆಯ ಅಕ್ಕ, ನನ್ನ ಗಂಡ. ಕಥೆ ನಡೆಸುವವರು, ದಾಳವನ್ನು ತಮ್ಮೆದುರೇ ಉರುಳಿಸಿ ಎಷ್ಟು ಬಿತ್ತೆಂದು ಹೇಳುವವರು ಅತ್ತೆ. ಮಾಸ್ತರರಿಗೆ ಯೋಧನಾಗುವ ಆಸೆ. ಅತ್ತೆ ಅವರನ್ನು ಇಳಕಲ್ಲಿನ ನೇಕಾರನನ್ನಾಗಿ ಮಾಡಿದರು.

“ನಾ ಖಡ್ಗ ಹಿಡಿಯಾಂವ್ರಿ ಟೀಚರ!” ಎಂದು ಮಾಸ್ತರರು ಮುಖ ಸಣ್ಣದು ಮಾಡಿದರು.

“ಖಡ್ಗ ಯಾರರ ಹಿಡೀತಾರ ಮಾಸ್ತರ. ಸೀರಿ ಒಡಲಿಗೆ ಸೆರಗು ಎಳಿಗೆ ಎಳಿ ಕೂಡಿಸೂದು ಯಾರಿಗೆ ಬರ್ತೈತಿ? ನೀವು ಹರದದ್ದು ಕೂಡಿಸಾವ್ರು.”

ಅಂದೇ ಮಾಸ್ತರರು ಪಾತಾಳದಂಥ ಕಂದಕದ ಎರಡು ದಂಡೆಗಳನ್ನು ನೂಲಿನಿಂದ ಕೂಡಿಸಿದರು. ಎಲ್ಲರೂ ದಾಟಿದರು. ಕೊನೆಗೆ ಅವರೇ ದಾಟುವಾಗ ದಾಳದಲ್ಲಿ ಎರಡು ಬಿದ್ದು, ಸ್ವಂತ ಸೇತುವೆಯಿಂದ ಸ್ವತಃ ಬಿದ್ದರು. ಮುಂದಿನ ಭಾನುವಾರದವರೆಗೆ ಕಂದಕದಲ್ಲೇ ಇದ್ದರು, ಪಾಪ.

ನನ್ನ ಗಂಡನ ವರ್ಗದ ಹೆಸರು ‘ಹೂಂಗುಟ್ಟುವವ’. ಯಾವ ಮಂತ್ರ ಹಾಕಿದರೂ ‘ಹೂಂ’ ಎನ್ನುತ್ತಾನೆ, ಒಂದೂ ಒಳಗಿಳಿಯುವುದಿಲ್ಲ. ಗಂಡನ ಮರ್ಯಾದೆ ನೋಡಿ ನಾನು, “ಇದು ಭಾಳ ಆತ್ರಿ ಅತ್ಯಾರ” ಎಂದೆ.

“ನೀನ ಹೇಳವ್ವಾ, ಇಷ್ಟು ವರ್ಷದಾಗ ನಿನ್ನ ಮಾತು ಒಂದರ ಅವನೊಳಗ ಇಳದೈತೇನು?”

ನಾನು ಚಹಾ ಸೋಸಲು ಒಳಗೆ ಹೋದೆ.

ಇಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅತ್ತೆಗೆ ಪ್ರತಿಯೊಂದು ವರ್ಗವನ್ನೂ ಪರೀಕ್ಷೆ ಮಾಡಿಯೇ ಬರೆಯಬೇಕು! ಕುರಿಗಾಹಿಯ ಕವಣೆ ಎಷ್ಟು ದೂರ ಹೋಗುತ್ತದೆ? ಇದನ್ನು ತಿಳಿಯಲು ಅವರು ಮಾಳಿಗೆಯ ಮೇಲೆ ನಿಂತು ಎಸೆದದ್ದು ಕಲ್ಲನ್ನಲ್ಲ. ನಾನು ಶ್ರಾವಣದ ಪೂಜೆಗೆಂದು ಬಡಿದು, ಒಣಗಿಸಿ, ಬಟ್ಟೆ ಮುಚ್ಚಿಟ್ಟಿದ್ದ ಕಟಕ ರೊಟ್ಟಿಗಳನ್ನು! ನಾನು ಓಡಿ ಬರುವ ಹೊತ್ತಿಗೆ ಒಂದು ಎದುರು ಮನೆಯ ದಾಸವಾಳದಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದು ಯಾರದೋ ಸ್ಕೂಟರಿನ ಸೀಟಿನ ಮೇಲೆ ಆರಾಮಾಗಿ ಕುಳಿತಿತ್ತು.

“ಅನ್ನ ಅದು, ಅನ್ನ! ಎಸೀತಾರೇನ್ರಿ ಯಾರರ?” ಎಂದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಿರುಚುವುದನ್ನು ಕಲಿಸಿಲ್ಲ. ನನ್ನ ಪರಮ ಕೋಪವೂ ಬೇರೆಯವರಿಗೆ ವಿಚಾರಣೆಯಂತೆ ಕೇಳುತ್ತದೆ.

ಅತ್ತೆ ಮೆಚ್ಚುಗೆಯಿಂದ ಕೆಳಗೆ ನೋಡುತ್ತಿದ್ದರು. “ಮಾಳಗಿ ಮ್ಯಾಲಿಂದ ಬಿದ್ರೂ ಒಂದೂ ಮುರದಿಲ್ಲ ನೋಡು! ಏನ್ ಕೈ ಐತಿ ನಿಂದು!”

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ.

ಆಮೇಲೆ ಕಳ್ಳನ ವರ್ಗ. ಸದ್ದಿಲ್ಲದೆ ಎಷ್ಟು ಹೆಜ್ಜೆ ಇಡಬಹುದು ಎಂದು ಎಣಿಸಲು ಅತ್ತೆ ಪಕ್ಕದ ಮನೆಯ ಅಡುಗೆಕೋಣೆಗೆ ಹಿತ್ತಲಿನಿಂದ ಹೋಗಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಎತ್ತಿದರು. ಹೋಗುವಾಗ ಹದಿಮೂರು ಹೆಜ್ಜೆ ಸದ್ದಿಲ್ಲ. ಬರುವಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಅತ್ತೆಗೆ ಏನೂ ಅನ್ನಲಿಲ್ಲ. ಸಂಜೆ ನನ್ನನ್ನು ಬೇಲಿಯ ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದರು: “ತಪ್ಪು ತಿಳೀಬ್ಯಾಡ್ರಿ. ನೀವು ಟೀಚರಗ ಊಟಕ್ಕ ಉಪ್ಪಿನಕಾಯಿ ನೀಡೂದಿಲ್ಲೇನ್ರಿ?”

ಭೂಮಿ ಬಾಯಿ ಬಿಡಬಾರದೇ! ಕದ್ದವರು ಅವರು, ಹೆಸರು ಕೆಟ್ಟದ್ದು ನನ್ನದು. ಅತ್ತೆ ಮಾತ್ರ ಖುಷಿಯಾಗಿ, “ಎಷ್ಟ್ ಸಣ್ಣ ಸಪ್ಪಳ ಕೇಳಿತು ನೋಡು ಆಕೀಗೆ!” ಎಂದು ಅಕ್ಕನಿಗೊಂದು ಹೊಸ ವರ್ಗ ಬರೆದರು: ಗೋಡೆಯಾಚೆಯದನ್ನು ಕೇಳುವವಳು.

ಬಾದಾಮಿಯದು ಕೇಳಿ. ಭಾರ ಹೊತ್ತವರು ಗವಿಯ ಮೆಟ್ಟಿಲು ಎಷ್ಟು ಹೊತ್ತಿನಲ್ಲಿ ಹತ್ತುತ್ತಾರೆ ಎಂದು ಪರೀಕ್ಷಿಸಬೇಕಿತ್ತು. ಭಾರ ಎಂದರೆ ಬುತ್ತಿಚೀಲ. ಹೊತ್ತವರು ಎಂದರೆ, ಬೇರೆ ಯಾರು? ಅರ್ಧ ಮೆಟ್ಟಿಲು ಹತ್ತಿ ಬೆವರೊರೆಸಿಕೊಳ್ಳುತ್ತಿದ್ದೆ. ಕೆಂಪು ಬಂಡೆಯ ಮೇಲಿಂದ ಒಂದು ಮಂಗ ಇಳಿದು, ಇತರರ ಚೀಲಗಳನ್ನೆಲ್ಲ ಬಿಟ್ಟು, ನನ್ನ ಕೈಯ ಚೀಲ ಕಿತ್ತುಕೊಂಡು, ಮೇಲೆ ಕುಳಿತು ನನ್ನೆದುರಿಗೇ ಎಣ್ಣೆಗಾಯಿಯ ಡಬ್ಬಿ ಬಿಚ್ಚಿತು. ತರಚಿದ ಕೈ ಹಿಡಿದುಕೊಂಡು ನಿಂತಿದ್ದೇನೆ, ಅತ್ತೆ ನೋಟುಬುಕ್ಕು ತೆಗೆದು ಬರೆಯುತ್ತಿದ್ದಾರೆ!

“ಡಬ್ಬಿ ಮುಚ್ಚಳ ತಿರುವಿ ತಗೀತು ನೋಡು. ಇಂಥಾದ್ದು ಯಾವ ವರ್ಗಕ್ಕೂ ಇಲ್ಲ.”

ಹೀಗೆ ಮಂಗನಿಗೂ ವರ್ಗ ಸಿಕ್ಕಿತು. ಆ ರಾತ್ರಿಯ ಊಟಕ್ಕೆ ಮೊದಲು ನಾನು ತಡೆಯಲಾರದೆ ಕೇಳಿಯೇಬಿಟ್ಟೆ. “ಅತ್ಯಾರ, ನಂದ್ಯಾವ ವರ್ಗ?”

ಅವರು ಮೂರು ಪುಟ ತೆರೆದು ತೋರಿಸಿದರು. ಮೂರಕ್ಕೂ ಕೆಂಪು ಗೀಟು. “ಅಡಗಿ ಅಂತ ಬರದ್ನಿ, ಬಾಣಸಿಗ ಬಂದ. ಆರೈಕಿ ಅಂತ ಬರದ್ನಿ, ವೈದ್ಯ ಬಂದ. ತಾಳ್ಮಿ ಅಂತ ಬರದ್ನಿ, ಕುರಿ ಕಾಯಾಂವ ಬಂದ.” ಮುಖ ಬೇರೆ ಕಡೆ ತಿರುಗಿಸಿದರು. “ನಿಂದು ಬರಿಯಾಕ ಬರೂದಿಲ್ಲ. ಬಿಡು.”

ಬಿಡು! ಇಪ್ಪತ್ತೆರಡು ವರ್ಷಕ್ಕೆ ಒಂದು ‘ಬಿಡು’! ನಾನು ಮಾಡುವುದೆಲ್ಲ ಯಾರಾದರೂ ಮಾಡಬಹುದಾದದ್ದು ಎಂದಾಯಿತಲ್ಲ? ಸರಿ. ಮುಂದಿನ ಭಾನುವಾರ ಎಲ್ಲರೂ ಬಂದು ಕುಳಿತಾಗ ಚಹಾದ ಕೆಟಲಿ ಮೇಜಿನ ಮೇಲಿಟ್ಟು, ನನ್ನ ಕೋಣೆಗೆ ಹೋಗಿ, ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡೆ. ಪ್ರತಿಭಟನೆ ಗೊತ್ತಾಗಲಿ ಎಂದು ಮತ್ತೆ ತೆರೆದು, ಸ್ವಲ್ಪ ಸದ್ದು ಮಾಡಿ ಹಾಕಿದೆ.

ಹೊರಗೆ ದಾಳ ಉರುಳಿತು.

“ಎಷ್ಟ್ ಬಿತ್ರಿ ಟೀಚರ?” ಮಾಸ್ತರರ ದನಿ.

“ತಡೀರಿ.” ಕುರ್ಚಿ ಮೇಜಿನ ಹತ್ತಿರ ಸರಿದ ಸದ್ದು. ಆಮೇಲೆ ಅತ್ತೆ, “ಇವತ್ತ ಸಾಕು. ತಲಿ ನೋಯಾಕತ್ತೈತಿ” ಎಂದರು.

ಈಗ ನಿಮಗೊಂದು ಮಾತು ಹೇಳಬೇಕು. ಯುಗಾದಿಯ ಹೊತ್ತಿಗೇ ನಾನು ಗಮನಿಸಿದ್ದೆ: ಅತ್ತೆಯ ಅಕ್ಷರ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿತ್ತು. ದವಾಖಾನೆಗೆ ನಾವಿಬ್ಬರೇ ಹೋಗಿ ಬಂದೆವು. ಕಳೆದ ದೃಷ್ಟಿ ತಿರುಗಿ ಬರುವಂಥದ್ದಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ದೂರದ ದೊಡ್ಡದು ಹೇಗೋ ಕಾಣುತ್ತಿತ್ತು, ದಾಳದ ಮೇಲಿನ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ಮಗನಿಗೂ ಹೇಳಕೂಡದು ಎಂದು ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡರು. ಅಂದಿನಿಂದ ಪ್ರತಿ ಭಾನುವಾರ ಚಹಾದ ನೆಪದಲ್ಲಿ ಅವರ ಕುರ್ಚಿಯ ಹಿಂದೆ ನಿಂತು, ಏನೂ ತಿಳಿಯದ ಹೆಂಗಸಿನಂತೆ, “ಅಯ್ಯ, ಹದಿನೇಳು ಬಿತ್ತಲ್ರಿ!” ಎಂದು ಬೆರಗಾಗುವುದು ನನ್ನ ಕೆಲಸ. ಸಿಟ್ಟಿನಲ್ಲಿ ಅದು ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ನಾನಿಲ್ಲದಿದ್ದರೆ ಹೇಗೆಂದು ಒಂದು ದಿನ ಗೊತ್ತಾಗಲಿ ಎಂದುಕೊಂಡೇ ಬಾಗಿಲು ಹಾಕಿದ್ದೆ.

ನಾಚಿಕೆಯಾಯಿತು. ಹೊರಗೆ ಬಂದೆ. ಮಾಸ್ತರರು ಆಗಲೇ ಒಂದು ಕಾಲಿಗೆ ಚಪ್ಪಲಿ ಹಾಕಿದ್ದರು. ನನ್ನ ಹೆಜ್ಜೆ ಕೇಳಿ ಅತ್ತೆ, “ಕುಂದರ್ರಿ ಎಲ್ಲಾರೂ” ಎಂದರು. ಈವರೆಗೆ ಯಾರಿಗೂ ಒಂದು ಚುಕ್ಕೆ ಇಡಲು ಬಿಡದ ಆ ನೋಟುಬುಕ್ಕನ್ನು ನನ್ನ ಕಡೆ ಸರಿಸಿದರು.

“ನೀ ಬರಿ. ನನಗ ಕಣ್ಣು ಕಾಣೂದಿಲ್ಲ.”

ನನ್ನ ಗಂಡ ಎದ್ದು ನಿಂತರು. ಅಕ್ಕ ಸೆರಗು ಬಾಯಿಗೆ ಹಿಡಿದರು. ಅತ್ತೆ ಯಾರ ಕಡೆಗೂ ತಿರುಗದೆ, ತರಗತಿಯಲ್ಲಿ ಪ್ರಮೇಯ ಹೇಳಿ ಬರೆಸುವ ದನಿಯಲ್ಲಿ ಶುರು ಮಾಡಿದರು.

“ಹೊಸಾ ವರ್ಗ. ಆಯುಧ ಇಲ್ಲ. ಮಗ್ಗಲಿಗೆ ನಿಂದರತೈತಿ. ತಾ ಕಂಡದ್ದು ಇನ್ನೊಬ್ರಿಗೆ ಕಾಣೂಹಂಗ ಮಾಡತೈತಿ, ಮಾಡೇನಿ ಅಂತ ಹೇಳೂದಿಲ್ಲ. ಇದನ್ನ ಬರದ್ರ ನನ್ನ ಗುಟ್ಟು ರಟ್ಟಾಕ್ಕಿತ್ತು. ಅದಕ್ಕ ಇಷ್ಟ್ ದಿನಾ ಬರದಿದ್ದಿಲ್ಲ. ಬರಕೊಂಡಿ?”

“ಬರಕೊಂಡ್ನಿರಿ.” ನನ್ನ ಅಕ್ಷರ ಸೊಟ್ಟಗೆ ಹೋಗುತ್ತಿತ್ತು. “ಹೆಸರ ಏನಿಡೂದ್ರಿ?”

“ಹೆಸರ ಆಮ್ಯಾಲೆ. ಮದ್ಲ ಇದನ್ನ ನೋಡು.” ದಾಳವನ್ನು ಕೈಯಲ್ಲಿ ಕುಲುಕಿ ಮೇಜಿನ ಮೇಲೆ ಬಿಟ್ಟರು. ಅದು ಉರುಳಿ, ಚಹಾದ ಕಪ್ಪು-ಬಸಿಯ ಪಕ್ಕ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ಅತ್ತೆಯ ಮುಖ ಮಾತ್ರ ನನ್ನ ಕಡೆಗಿತ್ತು. ಇಪ್ಪತ್ತು ಎಂದು ಹೇಳಿಬಿಡಲು ಎಷ್ಟು ಆಸೆಯಾಯಿತು ನನಗೆ!

“ಒಂದು ಬಿದ್ದೈತ್ರಿ, ಅತ್ಯಾರ” ಎಂದೆ.

“ಕೇಳಿದ್ರಿಲ್ಲೋ?” ಅತ್ತೆ ಎಲ್ಲರಿಗೂ ಹೆಮ್ಮೆಯಿಂದ ಹೇಳಿದರು. “ಸುಳ್ಳು ಹೇಳೂದಿಲ್ಲ. ಅದನ್ನೂ ಬರಕೊಳವ್ವಾ.”