ರಿಂಗ್ ಅಲ್ಲೇ ಇರುತ್ತೆ

ಬಾಸ್ಕೆಟ್‌ಬಾಲ್ ಕಲಿಸುತ್ತೇನೆಂದು ಪುಟ್ಟ ಮಕ್ಕಳನ್ನು ಸೇರಿಸಿಕೊಂಡು, ರಜೆ ಮುಗಿಯುವವರೆಗೂ ಒಬ್ಬರಿಗೂ ಒಂದೇ ಒಂದು ಬಾಸ್ಕೆಟ್ ಹಾಕುವ ಸುಖ ಸಿಗದಂತೆ ನೋಡಿಕೊಳ್ಳುವ ಕೋಚ್ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಭಾವ! ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ನನ್ನ ಮಗಳೂ ಆ ಕ್ಯಾಂಪಿನ ಸಂತ್ರಸ್ತರಲ್ಲಿ ಒಬ್ಬಳು.

ಭಾವ ಮೈಸೂರಿನವರು. ಚೆಂಡು ಚೆನ್ನಾಗಿ ಆಡುತ್ತಾರೆಂಬ ಕಾರಣಕ್ಕೇ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ದೆಹಲಿಗೆ ಬಂದವರು. ನಿವೃತ್ತರಾದ ಮೇಲೆ ಮಯೂರ್ ವಿಹಾರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಪ್ರತಿ ಬೇಸಿಗೆಗೂ ಮಕ್ಕಳ ಕ್ಯಾಂಪ್ ಶುರುಮಾಡಿದರು. ಬೆಳಿಗ್ಗೆ ಐದೂವರೆಗೆ ಕೋರ್ಟಿನಲ್ಲಿ ಹಾಜರಿ. ಬಿಸಿಲೇರಿ ನೆಲ ದೋಸೆ ಕಲ್ಲಾದ ಮೇಲೆ ಮಧ್ಯಾಹ್ನದವರೆಗೆ ಸೊಸೈಟಿಯ ಹಾಲ್‌ನೊಳಗೆ. ಭಾವನ ಮುಖ ಸದಾ ಶೋಕಸಭೆಗೆ ಹೊರಟವರದು. ಮೊದಲ ದಿನ ಮಕ್ಕಳಿಗೆ ಅವರು ಮಾಡುವ ಸ್ವಾಗತ ಭಾಷಣ ಇಷ್ಟೇ: "ಯೇ ತುಮ್ ಲೋಗೋಂಸೇ ನಹೀಂ ಹೋಗಾ. ಚಲೋ, ಶುರು ಕರತೇ ಹೈಂ." ನಿಮ್ಮ ಕೈಯಲ್ಲಿ ಆಗುವುದಿಲ್ಲ, ಬನ್ನಿ, ಶುರು ಮಾಡೋಣ! ಇಂಥ ಹುರಿದುಂಬಿಸುವಿಕೆಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಆ ರಿಂಗಿನ ಕತೆ ಹೇಳಬೇಕು. ಕಂಬಕ್ಕೆ ಬೋಲ್ಟು ಬಿಗಿದ ರಿಂಗು ಅದು. ಮಕ್ಕಳ ಎತ್ತರಕ್ಕೆ ತಕ್ಕಂತೆ ಇಳಿಸಲಿ ಎಂದೇ ಸೊಸೈಟಿ ಅಂಥದ್ದನ್ನು ತಂದಿತ್ತು. ಬೋಲ್ಟು ಸಡಿಲಿಸುವ ಸ್ಪ್ಯಾನರ್ ಮಾತ್ರ ಭಾವನ ಪ್ಯಾಂಟಿನ ಜೇಬಿನಲ್ಲಿ. ಸ್ನಾನಕ್ಕೆ ಹೋಗುವಾಗಲೂ ಅದನ್ನು ಕೈಗೆಟುಕುವಲ್ಲೇ ಇಟ್ಟುಕೊಳ್ಳುತ್ತಾರೆಂದು ನನ್ನ ಅಕ್ಕನೇ ಹೇಳಿದ್ದಾಳೆ. ರಿಂಗು ಹತ್ತು ಅಡಿಯ ಮೇಲೆ ಆಕಾಶ ನೋಡಿಕೊಂಡು ಕೂತಿರುತ್ತಿತ್ತು. ಕೆಳಗೆ ಆರು ವರ್ಷದ, ಏಳು ವರ್ಷದ ಮಕ್ಕಳು ಎರಡೂ ಕೈಯಲ್ಲಿ ಚೆಂಡೆತ್ತಿ ಎಸೆದರೆ ಅದು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಅವರ ತಲೆಯ ಮೇಲೇ ಬೀಳುತ್ತಿತ್ತು.

ಒಂದು ಸಲ ಸೊಸೈಟಿಯ ಸೆಕ್ರೆಟರಿಯೇ ಮೊಮ್ಮಗನ ಕೈಹಿಡಿದು ಬಂದರು. "ಭಾಯಿಸಾಬ್, ಥೋಡಾ ನೀಚೆ ಕರ್ ದೀಜಿಯೇ. ಬಚ್ಚೇ ಹೈಂ." ಮಕ್ಕಳಲ್ಲವೇ, ಸ್ವಲ್ಪ ಇಳಿಸಿ ಎಂದು.

ಭಾವ ರಿಂಗನ್ನು ನೋಡಿದರು, ಮೊಮ್ಮಗನನ್ನು ನೋಡಿದರು. "ಬಚ್ಚೇ ಬಡೇ ಹೋ ಜಾಯೇಂಗೇ. ರಿಂಗ್ ವಹೀಂ ರಹೇಗಾ." ಮಕ್ಕಳು ದೊಡ್ಡವರಾಗುತ್ತಾರೆ, ರಿಂಗ್ ಅಲ್ಲೇ ಇರುತ್ತೆ! ಸೆಕ್ರೆಟರಿ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂತಿರುಗಿದರು.

ಇನ್ನೊಂದು ವಿಚಿತ್ರ. ಕೋರ್ಟಿನಲ್ಲಿ ಭಾವನ ಆಜ್ಞೆಗಳೆಲ್ಲ ಕನ್ನಡದಲ್ಲಿ. ಪಂಜಾಬಿ, ಬಿಹಾರಿ, ಬಂಗಾಳಿ ಮಕ್ಕಳೆಲ್ಲ "ಬಾಗು! ನೆಗೆ! ಬಿಡು!" ಎಂದು ಒಬ್ಬರಿಗೊಬ್ಬರು ಕಿರುಚುವುದನ್ನು ಕೇಳಬೇಕು. ಮನೆಯಲ್ಲಿ "ಊಟ ಮಾಡು ಬಾ" ಎಂದರೆ "ಅಭೀ ನಹೀಂ, ಮಮ್ಮಾ" ಎಂದು ಹಿಂದಿಯಲ್ಲೇ ಈಗ ಬೇಡವೆನ್ನುವ ನನ್ನ ಮಗಳು ಕೂಡ ನಿದ್ದೆಯಲ್ಲಿ ಒಮ್ಮೆ ಅಚ್ಚಕನ್ನಡದಲ್ಲಿ ಗುಡುಗಿದಳು: "ಮೊಣಕಾಲು ಬಾಗಿಸು!" ಮಾತೃಭಾಷೆ ಕಡೆಗೂ ಮೊಣಕಾಲಿನ ಮೂಲಕ ಒಳಗೆ ಹೋಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಭಾವ ಅಳಿಸಿದ ಮಕ್ಕಳನ್ನು ಸಮಾಧಾನ ಮಾಡುವ ಖಾತೆ ಅಕ್ಕನದು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ನಿಂಬೆ ಪಾನಕದ ಪಾತ್ರೆ ಇಟ್ಟುಕೊಂಡು ಕೂರುತ್ತಿದ್ದಳು. ಆಟದ ಬಗ್ಗೆ ಅವಳಿಗೆ ಕಿಂಚಿತ್ತೂ ಗೌರವವಿರಲಿಲ್ಲ. "ತಳ ಇಲ್ಲದ ಬುಟ್ಟಿಗೆ ಜೀವಮಾನವಿಡೀ ಚೆಂಡು ತುಂಬಿದ್ರು, ಇನ್ನೂ ತುಂಬಿಲ್ಲ" ಎನ್ನುತ್ತಿದ್ದಳು. ಮಕ್ಕಳು ಅತ್ತಾಗಲೆಲ್ಲ ಅವಳ ಬೆದರಿಕೆ ಒಂದೇ: "ಪಾಪ, ಒಂಚೂರು ಇಳಿಸ್ರೀ! ಇಲ್ದಿದ್ರೆ ಒಂದಿನ ಆ ಸ್ಪ್ಯಾನರ್‌ನ ತಗೊಂಡೋಗಿ ಯಮುನೆಗೆ ಎಸೀತೀನಿ!"

ಅಂಥ ಅಕ್ಕನ ಎದೆಯಲ್ಲಿ ಒಂದು ಚಳಿಗಾಲ ಗಂಟು ಸಿಕ್ಕಿತು. ಆಪರೇಷನ್ ಆಯಿತು. ಬಲಗೈ ಭುಜದ ಮಟ್ಟಕ್ಕೂ ಏಳದಾಯಿತು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ದಿನಕ್ಕಿಷ್ಟು ಮೇಲೆ ಹೋಗಬೇಕೆಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟರು. ಕೋಚ್ ಮನೆಯಲ್ಲೇ ಇದ್ದರಲ್ಲ! ಭಾವ ಸ್ಟೂಲು ಹತ್ತಿ, ಅಡುಗೆಮನೆಯ ಗೋಡೆಯಲ್ಲಿ ಡಬ್ಬಿಗಳ ಸಾಲಿಗಿಂತ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

"ಇದು ಅಡುಗೆಮನೆ ಕಣ್ರೀ, ನಿಮ್ಮ ಕೋರ್ಟಲ್ಲ. ಒಂಚೂರು ಕೆಳಗೆ ಹಾಕಿ" ಅಂದಳು ಅಕ್ಕ.

"ಗೆರೆ ಅಲ್ಲೇ ಇರುತ್ತೆ. ನೀನು ಮೇಲೆ ಬಾ."

ಅಕ್ಕ ಬೈದುಕೊಳ್ಳುತ್ತಲೇ ಮೇಲೆ ಹೋದಳು. ಬೆರಳು ಸಾಸಿವೆ ಡಬ್ಬಿಯ ಹತ್ತಿರಕ್ಕೆ ಬಂದ ದಿನ ಭಾವ ಇಡೀ ಬ್ಲಾಕಿಗೆ ಜಿಲೇಬಿ ಹಂಚಿದರು, ಅದೇ ಶೋಕಸಭೆಯ ಮುಖದಲ್ಲಿ. ಆಮೇಲೆ ರೋಗ ಮೂಳೆಗೆ ಇಳಿಯಿತು. ಏರುತ್ತಿದ್ದ ಬೆರಳುಗಳು ದಿನದಿಂದ ದಿನಕ್ಕೆ ಕೆಳಗೇ ನಿಲ್ಲತೊಡಗಿದವು. ಡಾಕ್ಟರು ಭಾವನನ್ನು ಹೊರಗೆ ಕರೆದು ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಭಾವ ನನಗೆ ಹೇಳಿದ್ದು ಇಷ್ಟೇ: "ಇನ್ನು ವಾಸಿಯಾಗಲ್ವಂತೆ."

ಆ ಬೇಸಿಗೆ ಕ್ಯಾಂಪ್ ಬೇಡವೆಂದರು ಭಾವ. ಅಕ್ಕ ಒಪ್ಪಲಿಲ್ಲ. "ಮಕ್ಕಳು ಬರದಿದ್ರೆ ನಾನು ಯಾರ ಮುಖ ನೋಡ್ಕೊಂಡು ಕೂರ್ಲಿ, ನಿಮ್ದಾ?" ಎಂದಳು. ಕ್ಯಾಂಪ್ ನಡೆಯಿತು.

ಒಂದು ಬೆಳಿಗ್ಗೆ ಪಾನಕಕ್ಕೆ ನಿಂಬೆಹಣ್ಣು ಕೊಡಲು ಹೋದೆ. ಗೋಡೆಯ ಮೇಲಿನ ಗೆರೆ ಇರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಕಲೆ ಮಾತ್ರ ಇತ್ತು. ಹೊಸ ಗೆರೆ ಅಕ್ಕನ ಭುಜಕ್ಕಿಂತ ಕೆಳಗೆ. ಅಕ್ಕ ಅದರ ಮೇಲೆ ಬೆರಳಿಟ್ಟು ನಿಂತಿದ್ದಳು. "ನೋಡೇ, ಮುಟ್ಟಿಬಿಟ್ಟೆ!" ಎಂದಳು. ಭಾವ ನಮ್ಮ ಕಡೆ ಬೆನ್ನು ಮಾಡಿಕೊಂಡು, ಯಾವಾಗಲೋ ಕರಗಿಹೋದ ಸಕ್ಕರೆಯನ್ನು ಕಲಕುತ್ತಲೇ ಇದ್ದರು.

ಅವತ್ತು ಕೋರ್ಟಿಗೆ ಬಂದವರೇ ಭಾವ ಏಣಿ ತರಿಸಿ ಹತ್ತಿದರು. ಜೇಬಿನಿಂದ ಸ್ಪ್ಯಾನರ್ ಹೊರಗೆ ಬಂತು. ತುಕ್ಕು ಹಿಡಿದ ಬೋಲ್ಟು ಕಿರ್ರೆಂದಿತು. ಮಕ್ಕಳೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿರುವಾಗ ರಿಂಗು ಇಳಿದು, ಇನ್ನು ಇಳಿಯಲು ಜಾಗವಿಲ್ಲದಲ್ಲಿಗೆ ಬಂದು ನಿಂತಿತು. ಆಮೇಲೆ ಕೇಳಬೇಕೆ! ಚೆಂಡುಗಳು ಒಂದರ ಹಿಂದೊಂದು ಒಳಗೆ. ನನ್ನ ಮಗಳು "ದೊಡ್ಡಮ್ಮಾ, ಗಯಾ! ಅಂದರ್ ಗಯಾ!" ಎಂದು ಓಡಿಬಂದು ಅಕ್ಕನ ಮಡಿಲಿಗೆ ಬಿದ್ದಳು. ಅಕ್ಕ ಕೆಮ್ಮು ಬರುವಷ್ಟು ನಕ್ಕಳು.

"ನಂಗೂ ಒಂದು ಕೊಡಿ" ಎಂದಳು. ಜೀವಮಾನದಲ್ಲಿ ಚೆಂಡು ಮುಟ್ಟದವಳು! ಕೂತಲ್ಲಿಂದಲೇ ಎಡಗೈಯಲ್ಲಿ ಎಸೆದಳು. ಅದು ಕಂಬದವರೆಗೂ ಹೋಗಲಿಲ್ಲ. ಭಾವ ಚೆಂಡು ಎತ್ತಿಕೊಂಡು ಬಂದು ಗಂಭೀರವಾಗಿ ಹೇಳಿದರು: "ಮೊಣಕಾಲು ಬಾಗಿಸ್ಲಿಲ್ಲ."

"ಕೂತಿದೀನಿ ಕಣ್ರೀ! ಇನ್ನೆಷ್ಟು ಬಾಗಿಸ್ಲಿ?"

ಆ ದೀಪಾವಳಿಗೆ ಅಕ್ಕ ಇರಲಿಲ್ಲ.

ಈ ಮೇ ತಿಂಗಳಲ್ಲಿ ಮತ್ತೆ ಕ್ಯಾಂಪ್ ಶುರುವಾಗಿದೆ. ಬೇವಿನ ಕೆಳಗಿನ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಪಾನಕ ಅಕ್ಕನದರಷ್ಟು ಚೆನ್ನಾಗಿಲ್ಲ ಎಂದು ಮಕ್ಕಳು ಮುಖದ ಮೇಲೇ ಹೇಳುತ್ತಾರೆ. ಮೊನ್ನೆ ಸೆಕ್ರೆಟರಿ ಮತ್ತೆ ಬಂದರು. ಮೊಮ್ಮಗ ಉದ್ದಕ್ಕೆ ಬೆಳೆದಿದ್ದಾನೆ. ಜಿಗಿದರೆ ರಿಂಗು ಕೈಗೇ ಸಿಗುತ್ತದೆ. "ಭಾಯಿಸಾಬ್, ಬಚ್ಚೇ ತೋ ಬಡೇ ಹೋ ಗಯೇ. ಅಬ್ ಊಪರ್ ಕರ್ ದೀಜಿಯೇ." ಮಕ್ಕಳು ದೊಡ್ಡವರಾದರು, ಈಗಲಾದರೂ ಮೇಲೇರಿಸಿ ಎಂದು!

ಭಾವ ತಲೆಯೆತ್ತಲೇ ಇಲ್ಲ. "ರಿಂಗ್ ವಹೀಂ ರಹೇಗಾ."

ಸೆಕ್ರೆಟರಿ ಗೊಣಗುತ್ತಾ ಹೋದ ಮೇಲೆ ನಾನು ತಮಾಷೆಗೆ ಕೇಳಿದೆ: "ಎಲ್ಲಿ ಭಾವ, ನಿಮ್ಮ ಸ್ಪ್ಯಾನರ್? ಜೇಬಿನಲ್ಲಿ ಕಾಣಿಸ್ತಿಲ್ಲ?"

ಭಾವ ಮಕ್ಕಳ ಕಡೆಗೇ ನೋಡುತ್ತಿದ್ದರು. "ಅಸ್ಥಿ ಬಿಟ್ಟ ದಿನ ಅದನ್ನೂ ಯಮುನೆಗೆ ಬಿಟ್ಟೆ. ಎಸೀತೀನಿ ಎಸೀತೀನಿ ಅಂತಿದ್ಲಲ್ಲ... ಒಂದು ಸಲವಾದ್ರೂ ಅವಳ ಮಾತು ಕೇಳ್ಬೇಕಲ್ವಾ?"

ಅಷ್ಟು ಹೇಳಿ ವಿಷಲ್ ಊದಿದರು. ನಾನು ಪಾನಕದ ಪಾತ್ರೆಯ ಮೇಲೆ ಬಗ್ಗಿ ಸುಮ್ಮನೆ ಕಲಕುತ್ತಾ ಕೂತೆ, ಅಳುವುದು ಮಕ್ಕಳಿಗೆ ಕಾಣದಿರಲಿ ಎಂದು.